ಷಡ್ಡಕನ ಪುಕ್ಕಟೆ ಪಟ್ಟಣ

ಆ ಊರಿನಲ್ಲಿ ಕಿಟಕಿ ಒಡೆದರೆ ಮೊದಲು ಮಕ್ಕಳಿಗೆ ಬೈಗುಳ, ಆಮೇಲೆ ಗಾಜಿನವನಿಗೆ ಕರೆ. ಇಷ್ಟು ಹೇಳಿದರೆ ಅವನ ಅರ್ಧ ಬದುಕು ಹೇಳಿದ ಹಾಗಾಯಿತು. ಉಳಿದರ್ಧ ಹೇಳಬೇಕಾದರೆ ಅವನ ಹೆಂಡತಿಯ ನಗುವಿನ ಮಾತು ಎತ್ತಬೇಕು. ಆ ನಗುವಿನ ಮಾತಿಗೆ ಅವನ ಷಡ್ಡಕನನ್ನು, ಅಂದರೆ ಹೆಂಡತಿಯ ತಂಗಿಯ ಗಂಡನನ್ನು, ಎಳೆದು ತರಬೇಕು. ಷಡ್ಡಕನ ಹೆಸರೆತ್ತಿದರೆ ಗಾಜಿನವನಿಗೆ ಇವತ್ತಿಗೂ ಮೂಗಿನ ತುದಿ ಕೆಂಪಾಗುತ್ತದೆ. ಆಗಲಿ ಬಿಡಿ.

ಅವನ ಅಂಗಡಿ ಸೈಕಲ್ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಉದ್ದನೆಯ ಕೋಣೆ. ಗೋಡೆಗೆ ಒರಗಿಸಿದ ಗಾಜಿನ ಹಲಗೆಗಳು, ನಡುವೆ ಕಂಬಳಿ ಹೊದಿಸಿದ ಮೇಜು, ಮೇಜಿನ ಮೇಲೆ ಅಳತೆಕೋಲು, ಎಣ್ಣೆಯ ಬಟ್ಟಲು, ತುದಿಯಲ್ಲಿ ಪುಟ್ಟ ಗಾಲಿ ಇರುವ ಕೊಯ್ಯುವ ಕಡ್ಡಿ. ಗಾಜು ಕೊಯ್ಯುವುದು ಅಂದರೆ ಒಂದೇ ಗೀಟು. ಉಸಿರು ಬಿಗಿಹಿಡಿದು ಆ ತುದಿಯಿಂದ ಈ ತುದಿಗೆ ಎಳೆದುಬಿಡಬೇಕು. ಗೀಟಿನ ಮೇಲೆ ಗೀಟು ಎಳೆಯಲು ಹೋದರೆ ಗಾಜು ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ. ಹಾಗಾಗಿ ಅವನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಕೈಯಲ್ಲಿ ಗಾಜಿದ್ದಾಗ ಯಾರೂ ನಗಿಸಬಾರದು. ಅಂಗಡಿಯ ಹಿಂದೆಯೇ ಮನೆ. ಅಂಗಡಿಯ ಕಟ್ಟಳೆ ಯಾವಾಗ ಬಾಗಿಲು ದಾಟಿ ಅಡುಗೆಮನೆಗೆ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಏನಾದರೂ ತಮಾಷೆ ಹೇಳಿಕೊಂಡು ಒಳಗಿನಿಂದ ಬಂದರೆ ಅವನು ಕೈಯೆತ್ತಿ ‘ಇರು’ ಅನ್ನುತ್ತಿದ್ದ. ಅವಳು ಇದ್ದಳು. ಇದ್ದು ಇದ್ದು, ಹೇಳಬೇಕೆಂದುಕೊಂಡಿದ್ದೇ ಮರೆತುಹೋಗುತ್ತಿತ್ತು. ಕೊನೆಗೆ ಹೇಳುವುದನ್ನೇ ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ಮನೆ ತಣ್ಣಗೆ ನಡೆಯಿತು. ಇದಕ್ಕಿಂತ ಸುಖ ಬೇರೆ ಏನಿದೆ ಅಂತ ಗಾಜಿನವನು ನಂಬಿಕೊಂಡಿದ್ದ.

ನಂಬಿಕೆಗೆ ಏಟು ಬಿದ್ದದ್ದು ಅವರಿಬ್ಬರೂ ದೊಡ್ಡ ಪಟ್ಟಣಕ್ಕೆ ನಾದಿನಿಯ ಮನೆಗೆ ಹೋದಾಗ.

ನಾದಿನಿ ಬಾ ಬಾ ಅಂತ ಕರೆಯುತ್ತಲೇ ಇದ್ದಳು. ಇವನು ಮಳೆಗಾಲ ಕಳೆಯಲಿ, ಶಾಲೆಯ ಕಿಟಕಿ ಕೆಲಸ ಮುಗಿಯಲಿ ಅಂತ ಮುಂದಕ್ಕೆ ತಳ್ಳುತ್ತಲೇ ಇದ್ದ. ಆ ವರ್ಷ ಹೆಂಡತಿ ಚೀಲ ತುಂಬಿಸಿಟ್ಟು, ಬರುವುದಾದರೆ ಬನ್ನಿ, ಇಲ್ಲದಿದ್ದರೆ ನಾನೊಬ್ಬಳೇ ಹೋಗುತ್ತೇನೆ ಅಂದಳು. ಅವನು ಶಟರ್ ಎಳೆದು ಅವಳ ಹಿಂದೆ ಬಸ್ಸು ಹತ್ತಿದ.

ಷಡ್ಡಕನ ಕೆಲಸ ಪೋಸ್ಟರ್ ಅಂಟಿಸುವುದು. ಅವನನ್ನು ಇಡೀ ಬೀದಿ ಕರೆಯುತ್ತಿದ್ದದ್ದು ಗೋಂದಣ್ಣ ಅಂತ. ಬೆಳಕು ಹರಿಯುವ ಮುಂಚೆ ಏಣಿ, ಬ್ರಷ್ಷು, ಗೋಂದಿನ ಬಕೆಟ್ಟು, ಸುರುಳಿ ಸುತ್ತಿದ ಪೋಸ್ಟರುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟರೆ ಊರೆಲ್ಲ ಕಾಫಿ ಕುಡಿಯುವ ಹೊತ್ತಿಗೆ ಕೆಲಸ ಮುಗಿಸಿ ಮನೆಗೆ. ನಾಟಕ, ಸಂಗೀತ, ಚಿತ್ರ ಪ್ರದರ್ಶನ, ಹೂವಿನ ಪ್ರದರ್ಶನ, ಕುಸ್ತಿ, ಭಾಷಣ, ಆ ಪಟ್ಟಣದಲ್ಲಿ ಏನು ನಡೆದರೂ ಮೊದಲು ಗೊತ್ತಾಗುವುದು ಅವನಿಗೆ. ಪೋಸ್ಟರ್ ಹಾಕಿಸಿದವರು ಇವನಿಗೊಂದು ಪಾಸು ಕೊಡುತ್ತಾರೆ. ಪಾಸು ಇಲ್ಲದ ಕಡೆ ಬಾಗಿಲಿನವನು ಪರಿಚಯ. ಬಾಗಿಲಿನವನೂ ಪರಿಚಯವಿಲ್ಲದಿದ್ದರೆ ಗೋಂದಣ್ಣ ಅಲ್ಲೇ ನಿಂತು ಪರಿಚಯ ಮಾಡಿಕೊಳ್ಳುತ್ತಾನೆ. ಹುಟ್ಟಿದಾಗಿನಿಂದ ಯಾವುದನ್ನೂ ದುಡ್ಡು ಕೊಟ್ಟು ನೋಡಿದವನಲ್ಲ ಅಂತ ನಾದಿನಿಯೇ ಅರ್ಧ ಹೆಮ್ಮೆ ಅರ್ಧ ನಾಚಿಕೆಯಿಂದ ಹೇಳಿದಳು.

ಅವರದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ನಾದಿನಿ ಇಸ್ತ್ರಿ ಹಾಕುತ್ತಾಳೆ, ಮೇಲೆ ಗೋಂದಣ್ಣ ಗೋಂದು ಕಾಯಿಸುತ್ತಾನೆ. ಬಿಸಿ ಬಟ್ಟೆಯ ವಾಸನೆ, ಗಂಜಿಯಂಥ ಗೋಂದಿನ ವಾಸನೆ ಎರಡೂ ಮೆಟ್ಟಿಲ ಮೇಲೆ ಸಂಧಿಸುತ್ತವೆ. ಗಾಜಿನವನು ಒಳಗೆ ಕಾಲಿಟ್ಟವನೇ ಕಿಟಕಿ ನೋಡಿದ. ಒಂದು ಗಾಜು ಬಿರುಕು ಬಿಟ್ಟಿತ್ತು, ಅದರ ಮೇಲೆ ಯಾವುದೋ ನಾಟಕದ ಪೋಸ್ಟರಿನ ತುಂಡು ಅಂಟಿಸಿದ್ದರು. ಅವನಿಗೆ ಸ್ವಲ್ಪ ಸಮಾಧಾನವಾಯಿತು. ನಾಳೆಯೇ ಹಾಕಿಕೊಡುತ್ತೇನೆ ಅಂದ. ಗೋಂದಣ್ಣ, “ಬೇಡ ಅಣ್ಣ, ಆ ತುಂಡಿನಲ್ಲಿ ನಾಟಕದ ರಾಣಿಯ ಕಣ್ಣಿದೆ. ನಾನು ಊಟ ಮಾಡುವಾಗ ದಿನಾ ನೋಡ್ತಾಳೆ” ಅಂದ.

ಗಾಜಿನವನ ಹೆಂಡತಿ ನಕ್ಕಳು.

ನಕ್ಕಿದ್ದು ಅಂದರೆ ಹೇಗೆ. ಸೆರಗು ಬಾಯಿಗೆ ಅಡ್ಡ ಹಿಡಿದ ನಗುವಲ್ಲ, ಬಂದವರ ಮುಂದೆ ಮರ್ಯಾದೆಗೆ ನಗುವ ನಗುವಲ್ಲ. ಹೊಟ್ಟೆಯಿಂದ ಎದ್ದು ಗಂಟಲಲ್ಲಿ ಎರಡು ಸಲ ಮುಗ್ಗರಿಸಿ ಹೊರಗೆ ಬಿದ್ದ ನಗು. ಗಾಜಿನವನು ತಿರುಗಿ ನೋಡಿದ. ಇಷ್ಟು ವರ್ಷ ತನ್ನ ಮನೆಯಲ್ಲಿದ್ದ ಹೆಂಗಸಿನ ಹತ್ತಿರ ಇಂಥದ್ದೊಂದು ಇತ್ತು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಅವಳು ಅದನ್ನು ಎಲ್ಲಿ ಬಚ್ಚಿಟ್ಟಿದ್ದಳು? ಬಚ್ಚಿಟ್ಟಿದ್ದನ್ನು ಬಂದ ಅರ್ಧ ಗಂಟೆಯಲ್ಲಿ ತೆಗೆದು ಈ ಗೋಂದಿನ ಬಕೆಟ್ಟಿನವನಿಗೆ ಕೊಟ್ಟಳಲ್ಲ.

ಮರುದಿನದಿಂದ ಮೆರವಣಿಗೆ ಶುರು. ಗೋಂದಣ್ಣ ಮುಂದೆ, ಅಕ್ಕತಂಗಿಯರು ನಡುವೆ, ಬುತ್ತಿಯ ಚೀಲ ಹಿಡಿದ ಗಾಜಿನವನು ಹಿಂದೆ.

ಮೊದಲ ದಿನ ದೊಡ್ಡ ಗ್ರಂಥಾಲಯ. ಓದುವುದಕ್ಕಲ್ಲ. ಅದರ ಲಿಫ್ಟಿನಲ್ಲಿ ಕೊನೆಯ ಮಹಡಿಗೆ ಹೋಗಿ, ಭೂಪಟಗಳ ಕೋಣೆ ದಾಟಿ, ಒಂದು ಕಬ್ಬಿಣದ ಬಾಗಿಲು ತಳ್ಳಿದರೆ ತಾರಸಿ. ಎದುರಿನ ಗೋಪುರ ಹತ್ತುವುದಕ್ಕೆ ಜನ ಟಿಕೆಟ್ಟಿಗೆ ಬಿಸಿಲಲ್ಲಿ ಸಾಲು ನಿಂತಿದ್ದರು. “ಅಲ್ಲಿಂದ ಊರೆಲ್ಲ ಕಾಣತ್ತೆ ಅತ್ತಿಗೆ, ಗೋಪುರ ಒಂದು ಬಿಟ್ಟು. ಇಲ್ಲಿಂದ ಗೋಪುರವೂ ಕಾಣತ್ತೆ” ಅಂದ ಗೋಂದಣ್ಣ. ಅವಳು ಕಟ್ಟೆ ಹಿಡಿದು ಬಗ್ಗಿ ನೋಡಿದಳು. ಹೊಗೆ ಕೊಳವೆಗಳು, ಒಣಹಾಕಿದ ಬಟ್ಟೆಗಳು, ಆಟದ ಸಾಮಾನಿನಂಥ ಟ್ರಾಮುಗಳು, ದೂರದಲ್ಲಿ ತವರದ ತಗಡಿನ ಹಾಗೆ ಹೊಳೆಯುವ ನದಿ. ಗಾಜಿನವನು ಗಾಳಿ ಜಾಸ್ತಿ, ಹಿಂದೆ ಸರಿ ಅಂದ. ಅವಳು ಸರಿಯಲಿಲ್ಲ.

ಎರಡನೆಯ ದಿನ ವಸ್ತು ಸಂಗ್ರಹಾಲಯ. ಶುಕ್ರವಾರ ಮಧ್ಯಾಹ್ನದ ಮೇಲೆ ಅಲ್ಲಿ ಟಿಕೆಟ್ ಇಲ್ಲ. ಅದು ಮುಗಿದ ಮೇಲೆ ಹಿಂದಿನ ಬೀದಿಯ ಸಂಗೀತ ಸಭಾಂಗಣ. ರಾತ್ರಿಯ ಕಛೇರಿಗೆ ದೊಡ್ಡ ದೊಡ್ಡವರು ಕಾರಿನಲ್ಲಿ ಬರುತ್ತಾರೆ, ಸಂಜೆಯ ಅಭ್ಯಾಸಕ್ಕೆ ಪಕ್ಕದ ಬಾಗಿಲಿನಿಂದ ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ನುಡಿಸುವವರು ತಪ್ಪು ಮಾಡುತ್ತಿದ್ದರು, ಬೈಸಿಕೊಳ್ಳುತ್ತಿದ್ದರು, ಮತ್ತೆ ನುಡಿಸುತ್ತಿದ್ದರು. ಒಬ್ಬ ತುತ್ತೂರಿಯವನು ಬೈಸಿಕೊಂಡಾಗಲೆಲ್ಲ ತುತ್ತೂರಿಯ ಬಾಯೊಳಗೆ ಇಣುಕಿ ನೋಡುತ್ತಿದ್ದ, ತಪ್ಪು ಅಲ್ಲೆಲ್ಲೋ ಕೂತಿದೆ ಅನ್ನುವ ಹಾಗೆ. ಗೋಂದಣ್ಣ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಅಂದ. ಅವಳು ಮುಂದಿನ ಕುರ್ಚಿಗೆ ಹಣೆ ಒತ್ತಿ ಭುಜ ಕುಣಿಸಿದಳು. ಏನಂದ ಅಂತ ಗಾಜಿನವನು ಆಮೇಲೆ ಕೇಳಿದ. ಅವಳು, ಅಯ್ಯೋ ಈಗ ಹೇಳಿದರೆ ನಗು ಬರಲ್ಲ ರೀ, ಆಗ ಬರಬೇಕಿತ್ತು ಅಂದಳು. ಉರಿಯುವುದಕ್ಕೆ ಎಣ್ಣೆ ಸುರಿದ ಹಾಗಾಯಿತು.

ಶನಿವಾರ ನದಿ ದಾಟಿಸುವ ದೋಣಿ. ಕಾರ್ಖಾನೆಯ ಜನ ಓಡಾಡುವ ದೋಣಿ, ಚಿಲ್ಲರೆ ಕಾಸಿನ ಟಿಕೆಟ್ಟು. ಪಕ್ಕದಲ್ಲೇ ಬಣ್ಣದ ಚಾವಣಿಯ ವಿಹಾರದ ದೋಣಿ ಅದೇ ನೀರಿನಲ್ಲಿ ಅದೇ ಸೇತುವೆಗಳ ಕೆಳಗೆ ಹೋಗುತ್ತಿತ್ತು, ಧ್ವನಿವರ್ಧಕ ಬೇರೆ. ಅದರಲ್ಲಿ ಹೇಳುವುದನ್ನೆಲ್ಲ ಇವರು ಪುಕ್ಕಟೆಯಾಗಿ ಕೇಳಿಸಿಕೊಂಡರು. ನಿಜ ಹೇಳಬೇಕೆಂದರೆ ಗಾಜಿನವನಿಗೆ ದೋಣಿ ಬಹಳ ಹಿಡಿಸಿತು. ನೀರು ಮುಖಕ್ಕೆ ಸಿಡಿದಾಗ ಬಾಯಿ ಅಗಲವಾಗುವುದರಲ್ಲಿತ್ತು. ಅಷ್ಟರಲ್ಲಿ ಗೋಂದಣ್ಣ, “ಹೆಂಗಿದೆ ಅಣ್ಣ?” ಅಂತ ಕೇಳಿಬಿಟ್ಟ. ಗಾಜಿನವನ ಬಾಯಿ ಚೀಲದ ಹುರಿ ಎಳೆದ ಹಾಗೆ ಮುಚ್ಚಿಕೊಂಡಿತು. ಪರವಾಗಿಲ್ಲ ಅಂದ.

ಆಚೆ ದಡದಲ್ಲಿ ಒಂದು ತೋಟ, ತೋಟದಲ್ಲಿ ಒಂದು ಗಾಜಿನ ಮನೆ. ಗೋಡೆ, ಮೇಲಿನ ಮಾಡು, ಬಾಗಿಲು ಎಲ್ಲ ಗಾಜು. ಒಳಗೆ ಬೆವರು ಬರುವಷ್ಟು ಸೆಕೆ, ಆಳುದ್ದದ ಎಲೆಗಳು. “ಇದು ಅಣ್ಣನಿಗೋಸ್ಕರ” ಅಂದ ಗೋಂದಣ್ಣ. ಇಲ್ಲಾದರೂ ನನ್ನ ಸರದಿ ಬಂತು ಅಂತ ಗಾಜಿನವನು ಬುತ್ತಿಯ ಚೀಲ ಕೆಳಗಿಟ್ಟು ಹೆಂಡತಿಯನ್ನು ಕರೆದ. ಮಾಡಿನ ಗಾಜನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹಾಕಿದ್ದಾರೆ ನೋಡು, ಮಳೆ ನೀರು ಒಳಗೆ ಬರದೆ ಜಾರಿ ಹೋಗುತ್ತದೆ, ಒಂದು ಒಡೆದರೆ ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಂಡು ಹೋಗಬೇಕು ಅಂತ ಶುರುಮಾಡಿದ. ಅವಳು ಮೇಲೆ ನೋಡಿದಳು. ನಿಜವಾಗಿಯೂ ಗಮನವಿಟ್ಟು ನೋಡಿದಳು. ಆ ಹೊತ್ತಿಗೆ ಸರಿಯಾಗಿ ಗೋಂದಣ್ಣ ಒಂದು ಎಲೆಯನ್ನು ತಲೆಯ ಮೇಲೆ ಕೊಡೆಯ ಹಾಗೆ ಬಗ್ಗಿಸಿಕೊಂಡು ತೋಟದ ಕಾವಲುಗಾರ್ತಿಗೆ, “ಅಕ್ಕಾ, ಒಳಗೇ ಇಷ್ಟು ಹನಿ ಬೀಳ್ತಿದೆ, ಮಾಡು ರಿಪೇರಿ ಮಾಡ್ಸಿ” ಅಂದ. ಕಾವಲುಗಾರ್ತಿ ನಕ್ಕಳು, ನಾದಿನಿ ನಕ್ಕಳು, ಅವಳೂ ನಕ್ಕಳು. ಗಾಜಿನವನು ಎತ್ತಿದ ಕೈಯನ್ನು ಇಳಿಸಿ ಚೀಲ ಎತ್ತಿಕೊಂಡ.

ಅಂದು ಸಂಜೆ ನಾದಿನಿ ಇಸ್ತ್ರಿಯಾದ ಬಟ್ಟೆ ಮಡಿಚುತ್ತಾ ಮಾತು ತೆಗೆದಳು. ಮದುವೆಯಾದ ಮೇಲೆ ಅಕ್ಕ ತಂಗಿ ಒಟ್ಟಿಗೆ ಇದ್ದದ್ದೇ ಇಲ್ಲ. ಭಾವನಿಗೆ ಅಂಗಡಿ ಇದೆ, ಸೋಮವಾರ ಹೋಗಲಿ. ಅಕ್ಕ ಇನ್ನೊಂದು ತಿಂಗಳು ಇದ್ದು ಬರಲಿ. ಗೋಂದಣ್ಣ ಕೂಡಲೇ, ತಿಂಗಳು ಸಾಲದು, ಅತ್ತಿಗೆ ಇನ್ನೂ ಮೀನಿನ ಹರಾಜು ನೋಡಿಲ್ಲ, ನ್ಯಾಯಾಲಯದ ವಾದ ಕೇಳಿಲ್ಲ, ಬೆಟ್ಟದ ಮೇಲಿನ ದೂರದರ್ಶಕದಲ್ಲಿ ಚಂದ್ರನನ್ನು ನೋಡಿಲ್ಲ, ಎಲ್ಲ ಪುಕ್ಕಟೆ ಅಂದ. ಎಲ್ಲರೂ ಅವಳ ಮುಖ ನೋಡಿದರು. ಅವಳು ಗಂಡನ ಮುಖ ನೋಡಿ, “ನೋಡೋಣ” ಅಂದಳು.

ಬೇಡ ಅನ್ನಲಿಲ್ಲ. ಅಂಗಡಿ, ಮನೆ, ಇವರ ಊಟ ಅಂತ ಒಂದು ನೆಪ ಹೇಳಲಿಲ್ಲ. ನೋಡೋಣ. ಗಾಜಿನವನು ಅದನ್ನೇ ನಾಲಿಗೆಯ ಮೇಲೆ ಹೊರಳಿಸುತ್ತಾ ಬೀದಿಗೆ ಇಳಿದ. ಕೈಹಿಡಿದು ಎಳೆದುಕೊಂಡು ಹೋಗಬಹುದು, ಬರುತ್ತಾಳೆ. ಆದರೆ ಬರುವುದು ಯಾರು? ತಣ್ಣಗೆ ಮನೆ ನಡೆಸುವವಳು ಬರುತ್ತಾಳೆ. ಆ ಇನ್ನೊಬ್ಬಳು, ಹೊಟ್ಟೆಯಿಂದ ನಗುವವಳು, ಇಲ್ಲೇ ಉಳಿದುಬಿಡುತ್ತಾಳೆ. ನಾಳೆ ಒಂದು ದಿನವಿದೆ. ಅಷ್ಟರೊಳಗೆ ಗೋಂದಣ್ಣನ ನೆರಳೂ ಬೀಳದ ಜಾಗವೊಂದನ್ನು ತಾನೇ ಅವಳಿಗೆ ತೋರಿಸಬೇಕು, ಅವಳು ಅಲ್ಲಿ ಒಮ್ಮೆ ಹಾಗೆ ನಗಬೇಕು, ತಾನಾಗಿಯೇ ಊರಿಗೆ ಹೋಗೋಣ ಅನ್ನಬೇಕು. ಇಷ್ಟೇ ಅವನ ಲೆಕ್ಕಾಚಾರ.

ಹೀಗೆ ಯೋಚಿಸುತ್ತಾ ತಿರುವಿನಲ್ಲಿ ನಿಂತವನ ಕಣ್ಣಿಗೆ ಗೋಡೆಯ ಮೇಲಿನ ಪೋಸ್ಟರ್ ಬಿತ್ತು. ಗಾಜು ಊದುವ ಪ್ರದರ್ಶನ. ಉರಿಯುವ ಕುಲುಮೆ, ಕರಗಿದ ಗಾಜು, ನಿಮ್ಮ ಕಣ್ಣೆದುರೇ ಹೂದಾನಿ. ಹದಿನಾಲ್ಕನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆ, ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರದ ಪ್ರದರ್ಶನ ಭವನ. ಪ್ರವೇಶ ಉಚಿತ.

ಹದಿನಾಲ್ಕು ಅಂದರೆ ನಾಳೆ. ಬದುಕೆಲ್ಲ ಗಾಜು ಕೊಯ್ದಿದ್ದ, ಗಾಜು ಹುಟ್ಟುವುದನ್ನು ನೋಡಿರಲಿಲ್ಲ. ಅವನ ಅಂಗಡಿಗೆ ಅದು ಬರುವುದು ಹುಲ್ಲಿನ ನಡುವೆ ಕಟ್ಟಿದ ತಣ್ಣನೆಯ ಹಲಗೆಯಾಗಿ. ಅದು ಜೇನಿನ ಹಾಗೆ ಕಡ್ಡಿಯ ತುದಿಯಲ್ಲಿ ತೂಗುತ್ತದಂತೆ, ಉಸಿರಿಗೆ ಉಬ್ಬುತ್ತದಂತೆ ಅಂತ ಕೇಳಿದ್ದ ಅಷ್ಟೇ. ಪೋಸ್ಟರಿನಲ್ಲಿ ತಾರೀಖಿನ ಪಕ್ಕ ಶನಿವಾರ ಅಂತಿತ್ತು. ನಾಳೆ ಭಾನುವಾರ. ಅಚ್ಚಿನವರು ತಪ್ಪು ಹಾಕಿದ್ದಾರೆ, ತಾರೀಖು ಮುಖ್ಯ ಅಂದುಕೊಂಡ.

ಆ ಪಟ್ಟಣದಲ್ಲಿ ಹುಟ್ಟಿ ಬೆಳೆದ ಯಾರೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಅಲ್ಲಿಯ ಪೋಸ್ಟರಿನವರು ಹಳೆಯದನ್ನು ಕೆರೆಯುವುದಿಲ್ಲ, ಅದರ ಮೇಲೆಯೇ ಹೊಸದನ್ನು ಅಂಟಿಸುತ್ತಾರೆ. ಗೋಡೆ ವರ್ಷದಿಂದ ವರ್ಷಕ್ಕೆ ಹಾಸಿಗೆಯ ಹಾಗೆ ದಪ್ಪವಾಗುತ್ತದೆ. ಗಾಳಿ ಜೋರಾಗಿ ಬೀಸಿದ ದಿನ ಮೇಲಿನ ಪದರಗಳು ಕಿತ್ತು ಹೋಗಿ ಹೋದ ವರ್ಷದ ಸಂಗೀತ, ಅದರ ಹಿಂದಿನ ವರ್ಷದ ಕುಸ್ತಿ ಮತ್ತೆ ಮುಖ ತೋರಿಸುತ್ತವೆ. ಊರಿನ ಮಕ್ಕಳಿಗೂ ಗೊತ್ತು: ಮೊದಲು ಪೋಸ್ಟರಿನ ಅಂಚು ನೋಡಬೇಕು, ಆಮೇಲೆ ಅಕ್ಷರ ಓದಬೇಕು. ನಮ್ಮ ಗಾಜಿನವನು ಅಕ್ಷರ ಮಾತ್ರ ಓದಿದ.

ಬೆಳಿಗ್ಗೆ ಗೋಂದಣ್ಣ ಕೆಲಸ ಮುಗಿಸಿ ಬರುವ ಮುಂಚೆಯೇ ಹೆಂಡತಿಗೆ ಹೊರಡು ಅಂದ. ಎಲ್ಲಿಗೆ ಅಂದಳು. “ನಾನು ತೋರಿಸ್ತೀನಿ, ಬಾ” ಅಂದ. ತಂಗಿಯನ್ನೂ ಕರೆಯಲಾ ಅಂದಳು. ಬೇಡ ಅಂದ. ಅವಳು ಅವನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ತಲೆ ಬಾಚಿಕೊಂಡು, ಬುತ್ತಿ ಕಟ್ಟಿಕೊಂಡು ಬಂದಳು. ತಿರುವಿನಲ್ಲಿ ಅವನು ಪೋಸ್ಟರ್ ತೋರಿಸಿದ. ಅವಳು ಹತ್ತಿರ ಹೋಗಿ ಓದಿದಳು, ಕಿತ್ತ ಅಂಚನ್ನು ಬೆರಳಿನಿಂದ ಮುಟ್ಟಿದಳು, ಏನೋ ಹೇಳುವುದಕ್ಕೆ ಬಾಯಿ ತೆರೆದಳು. ಅವನಾಗಲೇ ಟ್ರಾಮಿಗೆ ಕೈ ಅಡ್ಡ ಹಾಕುತ್ತಿದ್ದ.

ಟ್ರಾಮಿನಲ್ಲಿ ಅವನು ಅಷ್ಟು ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಮರಳು ಹೇಗೆ ಕರಗುತ್ತದೆ, ಹಸಿರು ಬಣ್ಣ ಎಲ್ಲಿಂದ ಬರುತ್ತದೆ, ಕಿಟಕಿಯ ಗಾಜಿನೊಳಗಿನ ಗುಳ್ಳೆ ಊದಿದವನ ಉಸಿರೇ ಅಂತ ಅಪ್ಪ ಹೇಳುತ್ತಿದ್ದದ್ದು, ಚಿಕ್ಕವನಿದ್ದಾಗ ಅಂಥದ್ದೊಂದು ತುಂಡನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದದ್ದು. ಅವಳು ಕಿಟಕಿ ಬಿಟ್ಟು ಅವನನ್ನೇ ನೋಡುತ್ತಿದ್ದಳು. ಕೊನೆಯ ನಿಲ್ದಾಣದಲ್ಲಿ ರಸ್ತೆ ದಾಟುವಾಗ ಅವನು ಅವಳ ಮಣಿಕಟ್ಟು ಹಿಡಿದ.

ಪ್ರದರ್ಶನ ಭವನದ ಗೇಟಿಗೆ ಬೀಗ. ಬೀಗಕ್ಕೆ ತುಕ್ಕು. ಅಂಗಳದಲ್ಲಿ ಮೊಣಕಾಲುದ್ದ ಹುಲ್ಲು. ಗಾಜಿನವನು ಗೇಟು ಅಲ್ಲಾಡಿಸಿದ, ಹಿಂದುಗಡೆ ಬಾಗಿಲಿರಬಹುದು ಅಂತ ಸುತ್ತು ಹಾಕಿದ. ಹಾದುಹೋಗುತ್ತಿದ್ದ ಮುದುಕಿಯನ್ನು ಕೇಳಿದ. ಅವಳು, ಅದು ಹೋದ ವರ್ಷವೇ ಮುಗೀತಲ್ಲಪ್ಪಾ, ಚೆನ್ನಾಗಿತ್ತು, ನನ್ನ ಮೊಮ್ಮಗನಿಗೆ ಒಂದು ಗಾಜಿನ ಬಾತುಕೋಳಿ ಕೊಟ್ಟರು ಅಂದು ಹೋದಳು. ಗಾಜಿನವನು ಬಾತುಕೋಳಿ ಸಿಕ್ಕಿದ ಆ ಮೊಮ್ಮಗನ ಮೇಲೂ ಹೊಟ್ಟೆಕಿಚ್ಚುಪಟ್ಟ.

ತಿರುಗಿ ಬಂದಾಗ ಹೆಂಡತಿ ಗೇಟಿನ ಮುಂದಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅದನ್ನು ನೋಡಿ ಅವನಿಗೆ ಎಲ್ಲ ಹೊಳೆಯಿತು.

“ನಿನಗೆ ಗೊತ್ತಿತ್ತು.”

“ಶನಿವಾರ ಅಂತಿತ್ತಲ್ಲ ರೀ. ಅಂಚು ಬೇರೆ ಒಣಗಿ ಸುರುಟಿಕೊಂಡಿತ್ತು.”

“ಗೊತ್ತಿದ್ದೂ ಇಲ್ಲೀವರೆಗೆ ನನ್ನನ್ನ ಕುಣಿಸಿಕೊಂಡು ಬಂದೆ.”

“ಹೇಳಿದ್ರೆ ನೀವು ಮತ್ತೆ ಆ ಮುಖ ಹಾಕ್ಕೋತಿದ್ರಿ” ಅಂದಳು. “ಈ ಊರಿಗೆ ಬಂದಾಗಿನಿಂದ ಅದನ್ನೇ ಹೊತ್ಕೊಂಡು ನನ್ನ ಹಿಂದೆ ತಿರುಗ್ತಿದ್ದೀರಿ. ಇವತ್ತು ಬೆಳಿಗ್ಗೆ ಅದು ಇರಲಿಲ್ಲ. ಟ್ರಾಮ್ ಇನ್ನೂ ಸ್ವಲ್ಪ ದೂರ ಹೋಗಲಿ ಅನ್ನಿಸ್ತು.”

ಅವನು ಪಕ್ಕದಲ್ಲಿ ಕೂತ. ಅವಳು ಕೊಟ್ಟದ್ದನ್ನು ತಿಂದ. ಯಾವ ಮುಖ ಅಂತ ಕೇಳಬೇಕೆನಿಸಿತು, ಈಗ ಇರುವುದೂ ಅದೇ ಇರಬಹುದು ಅಂತ ಹೆದರಿ ಕೇಳಲಿಲ್ಲ.

ಭವನದ ಎದುರಿಗೇ ಟ್ರಾಮ್ ಡಿಪೋ. ಭಾನುವಾರ ಟ್ರಾಮುಗಳಿಗೆ ಸ್ನಾನದ ದಿನ ಅಂತ ಕಾಣುತ್ತದೆ, ಒಂದೊಂದೇ ಸಾಲಾಗಿ ಬಂದು ಎರಡು ದೊಡ್ಡ ಉರುಳು ಬ್ರಷ್ಷುಗಳ ನಡುವೆ ನುಸುಳುತ್ತಿದ್ದವು. ಬ್ರಷ್ಷು ಗಿರ್ರನೆ ತಿರುಗುತ್ತದೆ, ಮೇಲಿನಿಂದ ನೀರು ಸುರಿಯುತ್ತದೆ, ಕೊಳೆಯಾಗಿ ಒಳಗೆ ಹೋದ ಟ್ರಾಮು ಆ ಕಡೆಯಿಂದ ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಾ ಬರುತ್ತದೆ. ಇಬ್ಬರೂ ಕೈಯಲ್ಲಿನ ತುತ್ತು ಕೈಯಲ್ಲೇ ಇಟ್ಟುಕೊಂಡು ನೋಡಿದರು. ಯಾವ ಗೋಡೆಯ ಮೇಲೂ ಇದರ ಪೋಸ್ಟರ್ ಇರಲಿಲ್ಲ. ಐದನೆಯದೋ ಆರನೆಯದೋ ಟ್ರಾಮಿನ ಚಾಲಕ, ದಪ್ಪ ಮೀಸೆಯ ಮನುಷ್ಯ, ಪಕ್ಕದ ಕಿಟಕಿ ಮುಚ್ಚುವುದನ್ನು ಮರೆತಿದ್ದ. ಬ್ರಷ್ಷು ಅವನನ್ನೂ ಬಿಡಲಿಲ್ಲ. ಆ ಕಡೆಯಿಂದ ಹೊರಬಂದಾಗ ಮೀಸೆ ಎರಡೂ ಕಡೆ ಜೋತುಬಿದ್ದು ನೀರು ತೊಟ್ಟಿಕ್ಕುತ್ತಿತ್ತು, ಮನುಷ್ಯ ಮಾತ್ರ ಏನೂ ಆಗೇ ಇಲ್ಲ ಅನ್ನುವ ಹಾಗೆ ನೆಟ್ಟಗೆ ಮುಂದೆ ನೋಡುತ್ತಾ ಗಂಟೆ ಹೊಡೆದ.

ಅವಳು ನಕ್ಕಳು. ಅದೇ ನಗು. ಹೊಟ್ಟೆಯಿಂದ ಎದ್ದು, ಎರಡು ಸಲ ಮುಗ್ಗರಿಸಿ. ನಗುತ್ತಾ ನಗುತ್ತಾ ಗಂಡನ ತೋಳು ಹಿಡಿದುಕೊಂಡಳು. ಗಾಜಿನವನೂ ತಡೆಯಲಾಗದೆ ಗೊಳ್ಳೆಂದ. ನಕ್ಕು ಕಣ್ಣೊರೆಸಿಕೊಂಡ ಮೇಲೆ, ಅವಳನ್ನು ನಗಿಸಿದ್ದು ತಾನಲ್ಲ, ಆ ಒದ್ದೆ ಮೀಸೆಯವನು ಅನ್ನುವುದು ನೆನಪಾಯಿತು. ಡಿಪೋ ಕಡೆಗೆ ಒಂದು ಸಲ ಕೆಕ್ಕರಿಸಿ ನೋಡಿದ.

ಮನೆಗೆ ಬಂದಾಗ ಗೋಂದಣ್ಣ ಎಲ್ಲಿ ಹೋಗಿದ್ದಿರಿ ಅಂತ ಕೇಳಿದ. ಈಗ ಮರ್ಯಾದೆ ಹೋಯಿತು ಅಂತ ಗಾಜಿನವನು ನೆಲ ನೋಡಿದ. ಹೆಂಡತಿ, ಇವರು ಟ್ರಾಮ್ ಸ್ನಾನ ತೋರಿಸೋಕೆ ಕರಕೊಂಡು ಹೋಗಿದ್ರು ಅಂದಳು. ಪೋಸ್ಟರಿನ ಮಾತೇ ಎತ್ತಲಿಲ್ಲ. ಗೋಂದಣ್ಣನ ಹುಬ್ಬು ಮೇಲೇರಿತು. ಅಲ್ಲೇನಿದೆ, ಯಾವ ಹೊತ್ತಿಗೆ, ಹತ್ತಿರ ನಿಲ್ಲುವುದಕ್ಕೆ ಬಿಡುತ್ತಾರಾ ಅಂತ ಒಂದರ ಮೇಲೊಂದು ಕೇಳಿದ. ಹುಟ್ಟಿ ಬೆಳೆದ ಊರಿನಲ್ಲಿ ತಾನು ನೋಡದ ಪುಕ್ಕಟೆ ಆಟವೊಂದು ಇತ್ತಲ್ಲ ಅಂತ ಅವನ ಮುಖ ಸಣ್ಣಗಾಯಿತು. ಗಾಜಿನವನು ಗೋಡೆಗೆ ಒರಗಿ ಕಾಲು ಚಾಚಿ ಕೂತು ಎಲ್ಲವನ್ನೂ ನಿಧಾನವಾಗಿ, ಕೇಳಿದಷ್ಟಕ್ಕೆ ಮಾತ್ರ ಹೇಳಿದ. ಆ ಪಟ್ಟಣಕ್ಕೆ ಬಂದ ಮೇಲೆ ಊಟ ರುಚಿಸಿದ್ದು ಅದೇ ಮೊದಲು.

ಊಟ ಮುಗಿಯುವ ಹೊತ್ತಿಗೆ ಹೆಂಡತಿ ತಂಗಿಯ ಕಡೆ ತಿರುಗಿ, “ನಾನು ಇರ್ತೀನಿ ಕಣೇ” ಅಂದಳು. ಆಮೇಲೆ ಗಂಡನ ಕಡೆ ತಿರುಗಿ, “ಒಂದು ತಿಂಗಳು. ಆಮೇಲೆ ಬರ್ತೀನಿ” ಅಂದಳು. ಕೇಳಿದ್ದಲ್ಲ, ಹೇಳಿದ್ದು.

ಅವನು ಆಗಲಿ ಅಂದ. ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

ಸೋಮವಾರ ಬಸ್ ನಿಲ್ದಾಣಕ್ಕೆ ಮೂವರೂ ಬಂದರು. ಹೆಂಡತಿ ಏನೇನು ಎಲ್ಲೆಲ್ಲಿದೆ ಅಂತ ಹೇಳುತ್ತಿದ್ದಳು, ಉಪ್ಪಿನ ಡಬ್ಬ, ದಪ್ಪ ಹೊದಿಕೆ, ಹಿತ್ತಿಲ ಬಾಗಿಲಿನ ಚಿಲಕವನ್ನು ಎತ್ತಿ ಹಾಕಬೇಕು. ಅವನು ಹೂಂ ಹೂಂ ಅನ್ನುತ್ತಿದ್ದ. ಆಚೆ ಗೋಂದಣ್ಣ ನಾದಿನಿಗೆ ಮೆಲ್ಲಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: ನಾಳೆ ಕೆಲಸ ಮುಗಿದ ಮೇಲೆ ಮೀನಿನ ಹರಾಜು, ಅಲ್ಲೊಬ್ಬ ಕೂಗುವವನಿದ್ದಾನೆ, ಅವನು ಉಸಿರೇ ಎಳೆಯುವುದಿಲ್ಲ, ಅತ್ತಿಗೆ ನಗ್ತಾ ನಗ್ತಾ ನೀರಿಗೆ ಬೀಳದಿದ್ದರೆ ಸಾಕು.

ಗಾಜಿನವನ ಕಣ್ಣ ಮುಂದೆ ಎಲ್ಲ ಬಂದು ನಿಂತಿತು. ತಾನು ಆ ತಣ್ಣನೆಯ ಕೋಣೆಯಲ್ಲಿ ಒಬ್ಬನೇ ಗೀಟು ಎಳೆಯುತ್ತಿರುತ್ತೇನೆ. ಇಲ್ಲಿ ಮೀನಿನವನೊಬ್ಬ ಕೂಗುತ್ತಾನೆ, ಇವಳು ನಗುತ್ತಾಳೆ. ಆ ಹೊತ್ತಿಗೆ ಹಿಡಿದುಕೊಳ್ಳುವುದಕ್ಕೆ ಯಾರ ತೋಳು ಸಿಗುತ್ತದೋ. ಕಂಡಕ್ಟರ್ ಸೀಟಿ ಊದಿದ. ಗಾಜಿನವನು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದ.

“ಅಂಗಡಿಗೆ ಕಾಲು ಬಂದು ಎಲ್ಲಿಗೂ ಓಡಿಹೋಗಲ್ಲ” ಅಂದ.

ಯಾರಿಗೂ ಅರ್ಥವಾಗಲಿಲ್ಲ. ಅವನು ಚೀಲ ಹೆಗಲಿಗೆ ಹಾಕಿಕೊಂಡಾಗ ಅರ್ಥವಾಯಿತು. ನಾದಿನಿ ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಅವನ ಮುಖವನ್ನು ಹುಡುಕುವವಳ ಹಾಗೆ ನೋಡಿ, ಏನು ಕಂಡಳೋ, ಚೀಲದ ಒಂದು ಹಿಡಿ ತಾನು ಹಿಡಿದುಕೊಂಡಳು. ಗೋಂದಣ್ಣ ತಲೆ ಕೆರೆದುಕೊಂಡು, “ಇರೋದಾದ್ರೆ ಸುಮ್ಮನೆ ಇರಕ್ಕಾಗಲ್ಲ ಅಣ್ಣ, ಬೆಳಿಗ್ಗೆ ಬಕೆಟ್ ಹಿಡೀಬೇಕು” ಅಂದ. ತಮಾಷೆಗೆ ಅಂದದ್ದು. ಗಾಜಿನವನು ಎಷ್ಟು ಹೊತ್ತಿಗೆ ಏಳಬೇಕು ಅಂತ ಕೇಳಿದ.

ಮರುದಿನ ಬೆಳಗಿನ ಬೂದು ಬೆಳಕಿನಲ್ಲಿ ಗೋಂದಣ್ಣ ಏಣಿಯ ಮೇಲೆ, ಗಾಜಿನವನು ಕೆಳಗೆ. ಬಕೆಟ್ಟು ಭಾರ, ಗೋಂದು ಬಿಸಿ, ಹಿಡಿ ಬೆರಳನ್ನು ಕೊರೆಯುತ್ತಿತ್ತು. ಗೋಂದಣ್ಣ ಮೇಲಿನಿಂದಲೇ ಬೀದಿಯ ಹಾಲಿನವನಿಗೂ ಕಸ ಗುಡಿಸುವವಳಿಗೂ, “ನನ್ನ ಷಡ್ಡಕ, ದೊಡ್ಡ ಗಾಜಿನ ವ್ಯಾಪಾರಿ, ನನಗೆ ಸಹಾಯಕ್ಕೆ ಬಂದಿದ್ದಾರೆ” ಅಂತ ಸಾರುತ್ತಿದ್ದ. ಗಾಜಿನವನು ಹಲ್ಲು ಕಚ್ಚಿಕೊಂಡ. ಆದರೆ ಪೋಸ್ಟರುಗಳ ಸುರುಳಿ ಇದ್ದದ್ದು ಅವನ ಕಂಕುಳಲ್ಲಿ. ಒಂದೊಂದನ್ನೇ ಬಿಚ್ಚಿ ಮೇಲಕ್ಕೆ ಕೊಡುವ ಮುಂಚೆ ಪೂರ್ತಿ ಓದಿಯೇ ಕೊಡುತ್ತಿದ್ದ. ನಾಲ್ಕನೆಯದರ ಹತ್ತಿರ ಅವನ ಕೈ ನಿಂತಿತು. ಗುರುವಾರ, ನದಿಯ ಆಚೆ ದಡದಲ್ಲಿ, ಬೊಂಬೆ ಕುಣಿಸುವವರು, ಬಯಲಿನಲ್ಲಿ, ಎಲ್ಲರಿಗೂ ಉಚಿತ. ಗೋಂದಣ್ಣನಿಗೆ ಓದುವುದಕ್ಕೆ ಆಗದ ಹಾಗೆ ಅದನ್ನು ತಲೆಕೆಳಗಾಗಿ ಕೊಟ್ಟ. ಗೋಂದಣ್ಣ ಬ್ರಷ್ಷಿನ ಬಾಲ ಕಚ್ಚಿಕೊಂಡು ಅದನ್ನು ತಿರುಗಿಸಿ ಅಂಟಿಸಿದ. ಓದಿದನೋ ಇಲ್ಲವೋ ತಿಳಿಯಲಿಲ್ಲ.

ಕೊನೆಯ ಗೋಡೆ ಮುಗಿದು ಗೋಂದಣ್ಣ ಏಣಿಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. ಗಾಜಿನವನು ಕಾಯಲಿಲ್ಲ. ಬಕೆಟ್ಟನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದ. ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿದಾಗ ಹೆಜ್ಜೆ ಜೋರು ಮಾಡಿದ. ಉಳಿದ ಗೋಂದು ತುಳುಕಿ ಪ್ಯಾಂಟಿನ ಮೇಲೆಲ್ಲ ಚೆಲ್ಲುತ್ತಿತ್ತು. ಚೆಲ್ಲಲಿ. ಬೊಂಬೆಯಾಟದ ಸುದ್ದಿ ಅವಳಿಗೆ ಮೊದಲು ತಾನೇ ಹೇಳಬೇಕು.